ಕಾನ್ಫರೆನ್ಸ್ ಬದಲಿಸಿದ ತಂಡ ಗೆಲ್ಲುತ್ತದೆಯೇ? ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯಗಳನ್ನು ಅಂದಾಜಿಸುವ ಬಗೆ

2024ರ ಬೇಸಿಗೆಯಲ್ಲಿ ಬಿಗ್ 12 ಕಾನ್ಫರೆನ್ಸ್ ಎಂಬ ವಿಶ್ವವಿದ್ಯಾಲಯ ತಂಡಗಳ ಒಕ್ಕೂಟದ ಪಂದ್ಯಗಳನ್ನು ವರದಿ ಮಾಡುವ ಪತ್ರಕರ್ತರು ಎಂದಿನಂತೆ ಮತ ಹಾಕಿ, ಬರಲಿರುವ ಋತುವಿನಲ್ಲಿ ಯಾವ ತಂಡ ಎಷ್ಟನೆಯ ಸ್ಥಾನ ಪಡೆಯಬಹುದು ಎಂಬ ಪಟ್ಟಿ ಸಿದ್ಧಪಡಿಸಿದರು. ಹೆಸರಿನಲ್ಲಿ 12 ಇದ್ದರೂ ಹದಿನಾರು ತಂಡಗಳಿದ್ದ ಆ ಪಟ್ಟಿಯಲ್ಲಿ ಮೊದಲ ಸ್ಥಾನ ಯೂಟಾ ತಂಡಕ್ಕೆ, ಕೊನೆಯ ಸ್ಥಾನ ಅರಿಜೋನಾ ಸ್ಟೇಟ್ ತಂಡಕ್ಕೆ ಸಿಕ್ಕಿತ್ತು. ಎರಡೂ ಅದೇ ವರ್ಷ ಪ್ಯಾಕ್-12 ಎಂಬ ಇನ್ನೊಂದು ಕಾನ್ಫರೆನ್ಸ್ ಬಿಟ್ಟು ಬಂದ ಹೊಸ ಸದಸ್ಯರು. ಡಿಸೆಂಬರ್ ಹೊತ್ತಿಗೆ ಅರಿಜೋನಾ ಸ್ಟೇಟ್ ಫೈನಲ್‌ನಲ್ಲಿ ಅಯೋವಾ ಸ್ಟೇಟ್ ತಂಡವನ್ನು 45–19ರಿಂದ ಸೋಲಿಸಿ ಚಾಂಪಿಯನ್ ಆಗಿತ್ತು. ಯೂಟಾ 5 ಗೆದ್ದು 7 ಸೋತಿತ್ತು.

ಆ ಪತ್ರಕರ್ತರಿಗೆ ಆಟ ಗೊತ್ತಿಲ್ಲ ಎಂದಲ್ಲ. ತಂಡಗಳು ಕಾನ್ಫರೆನ್ಸ್ ಬದಲಿಸಿದಾಗ ಹಳೆಯ ಅಳತೆಗೋಲುಗಳು ಒಮ್ಮೆಲೇ ಸಡಿಲವಾಗುತ್ತವೆ. ಯೂಟಾ ವಿರುದ್ಧ ಕ್ಯಾನ್ಸಸ್ ಸ್ಟೇಟ್ ಹೇಗೆ ಆಡೀತು ಎಂದು ಹೇಳಲು ಇತ್ತೀಚಿನ ಪಂದ್ಯಗಳ ಆಧಾರವೇ ಇರುವುದಿಲ್ಲ. ಅಮೆರಿಕದಲ್ಲಿ ಓದುತ್ತಿರುವ, ಓದಿ ಮರಳಿದ, ಅಥವಾ ಮಕ್ಕಳನ್ನು ಅಲ್ಲಿಗೆ ಕಳುಹಿಸಿ ಅವರ ವಿಶ್ವವಿದ್ಯಾಲಯದ ತಂಡವನ್ನು ತಮ್ಮದೇ ಎಂದು ಹಚ್ಚಿಕೊಂಡ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರು ಒಂದು ಸ್ಪ್ರೆಡ್‌ಶೀಟ್ ತೆರೆದು ತಾವೇ ಅಂದಾಜು ಮಾಡಲು ಬೇಕಾದ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇದು ಹಣ ಕಟ್ಟುವವರಿಗಾಗಿ ಬರೆದದ್ದಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಕಾನೂನು ನಿಷೇಧಿಸಿದೆ. ಗೆಳೆಯರ ನಡುವೆ ಪ್ರತಿ ವಾರ ವಿಜೇತರನ್ನು ಊಹಿಸುವ ಆಟಕ್ಕೆ ಮತ್ತು ಪಂದ್ಯವನ್ನು ಕಣ್ಣು ತೆರೆದು ನೋಡುವುದಕ್ಕೆ ಇದು ಸಾಕು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾನ್ಫರೆನ್ಸ್‌ನ ಹೆಸರಿಗೆ ಅಂಕ ಕೊಡಬೇಡಿ. ತಂಡದಲ್ಲಿ ಯಾರಿದ್ದಾರೆ, ಯಾರ ಎದುರು, ಎಲ್ಲಿ ಆಡುತ್ತಾರೆ ಎಂಬುದಕ್ಕೆ ಅಂಕ ಕೊಡಿ.

ಹಂತ 1: ಯಾರು ಎಲ್ಲಿದ್ದಾರೆ ಎಂಬ ಪಟ್ಟಿ

ಕಾನ್ಫರೆನ್ಸ್ ಎಂದರೆ ವಿಶ್ವವಿದ್ಯಾಲಯಗಳು ತಾವಾಗಿಯೇ ಕಟ್ಟಿಕೊಂಡ ಒಕ್ಕೂಟ. ಅದು ತನ್ನ ಸದಸ್ಯರ ಪಂದ್ಯಗಳ ಪ್ರಸಾರ ಹಕ್ಕನ್ನು ಒಟ್ಟಾಗಿ ಮಾರುತ್ತದೆ, ವೇಳಾಪಟ್ಟಿ ಹಾಕುತ್ತದೆ, ತನ್ನದೇ ಚಾಂಪಿಯನ್‌ನನ್ನು ಆರಿಸುತ್ತದೆ. ಯುರೋಪಿನ ಫುಟ್‌ಬಾಲ್ (ಸಾಕರ್) ಲೀಗ್‌ಗಳಂತೆ ಇಲ್ಲಿ ಗೆದ್ದವರು ಮೇಲಿನ ದರ್ಜೆಗೆ ಏರುವ, ಸೋತವರು ಕೆಳಗಿಳಿಯುವ ಪದ್ಧತಿ ಇಲ್ಲ. ಸದಸ್ಯತ್ವ ಬದಲಾಗುವುದು ಆಹ್ವಾನದಿಂದ, ಆಹ್ವಾನದ ಹಿಂದೆ ಇರುವುದು ದೂರದರ್ಶನದ ಹಣ. ನೋಟರ್ ಡೇಮ್‌ನಂಥ ತಂಡ ಫುಟ್‌ಬಾಲ್‌ನಲ್ಲಿ ಯಾವ ಕಾನ್ಫರೆನ್ಸ್‌ಗೂ ಸೇರದೆ ಸ್ವತಂತ್ರವಾಗಿಯೇ ಉಳಿದಿದೆ.

ಸ್ಪ್ರೆಡ್‌ಶೀಟಿನಲ್ಲಿ ಪ್ರತಿ ತಂಡಕ್ಕೆ ಒಂದು ಸಾಲು ಕೊಡಿ. ಉನ್ನತ ವಿಭಾಗದಲ್ಲಿ 2025ರಲ್ಲಿ 136 ತಂಡಗಳಿದ್ದವು. ಮೂರು ಕಾಲಂ ಬೇಕು: ಈಗಿನ ಕಾನ್ಫರೆನ್ಸ್, ಹಿಂದಿನ ಕಾನ್ಫರೆನ್ಸ್, ಬದಲಾದ ವರ್ಷ. ಮೂರನೆಯ ಕಾಲಂ ಅನಗತ್ಯ ಎನಿಸಬಹುದು, ಆದರೆ ಮುಂದಿನ ಹಂತಗಳಲ್ಲಿ ಅದರ ಮೇಲೆಯೇ ಹೆಚ್ಚು ಕೆಲಸ ನಿಂತಿದೆ.

ಇತ್ತೀಚಿನ ದೊಡ್ಡ ಬದಲಾವಣೆಗಳು ಇವು. 2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮ ಬಿಗ್ 12 ಬಿಟ್ಟು ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಸೇರಲು ನಿರ್ಧರಿಸಿದವು. ಒಂದು ವರ್ಷ ಮೊದಲೇ ಹೊರಡುವುದಕ್ಕಾಗಿ ಇಬ್ಬರೂ ಸೇರಿ 10 ಕೋಟಿ ಡಾಲರ್ ತೆತ್ತು 2024ರಲ್ಲಿ ಹೋದರು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್ ಸೇರುವುದಾಗಿ ಘೋಷಿಸಿದವು. 2023ರಲ್ಲಿ ಬಿವೈಯು, ಸಿನ್ಸಿನಾಟಿ, ಹ್ಯೂಸ್ಟನ್, ಯುಸಿಎಫ್ ಬಿಗ್ 12ಕ್ಕೆ ಬಂದವು. ಅದೇ ವರ್ಷದ ಜುಲೈ ಕೊನೆಯಲ್ಲಿ ಕೊಲರಾಡೊ ಪ್ಯಾಕ್-12 ತೊರೆಯಿತು. ಆಗಸ್ಟ್ 4ರಂದು ಒಂದೇ ದಿನ ಇನ್ನೂ ಐದು ವಿಶ್ವವಿದ್ಯಾಲಯಗಳು ಹೊರಟವು: ಒರೆಗಾನ್ ಮತ್ತು ವಾಷಿಂಗ್ಟನ್ ಬಿಗ್ ಟೆನ್‌ಗೆ, ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಬಿಗ್ 12ಕ್ಕೆ. ಸೆಪ್ಟೆಂಬರ್ 1ರಂದು ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಮತ್ತು ಡಲ್ಲಾಸ್‌ನ ಎಸ್‌ಎಂಯು ತಂಡಗಳಿಗೆ ಎಸಿಸಿ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಬಾಗಿಲು ತೆರೆಯಿತು. ಅಟ್ಲಾಂಟಿಕ್ ಕರಾವಳಿಯ ಹೆಸರು ಹೊತ್ತ ಒಕ್ಕೂಟಕ್ಕೆ ಪೆಸಿಫಿಕ್ ಕರಾವಳಿಯ ಇಬ್ಬರು ಸದಸ್ಯರಾದರು. ಎಸ್‌ಎಂಯು ಒಂಬತ್ತು ವರ್ಷ ಕಾನ್ಫರೆನ್ಸ್‌ನ ದೂರದರ್ಶನ ಹಣದ ಪಾಲೇ ಬೇಡವೆಂದು ಒಪ್ಪಿ ಸೇರಿಕೊಂಡಿತು.

ತನ್ನ ಮೂಲವನ್ನು 1915ರವರೆಗೆ ಗುರುತಿಸಿಕೊಳ್ಳುವ ಪ್ಯಾಕ್-12ರಲ್ಲಿ ಕೊನೆಗೆ ಉಳಿದದ್ದು ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಮಾತ್ರ. ನೂರು ವರ್ಷಗಳಿಗೂ ಹಳೆಯದಾದ ಒಂದು ನಂಟು ಕೆಲವೇ ವಾರಗಳಲ್ಲಿ ಬಿಚ್ಚಿಹೋದದ್ದು ಈ ಆಟಕ್ಕೆ ಆದ ದೊಡ್ಡ ನಷ್ಟ ಎಂದೇ ನಾನು ನಂಬುತ್ತೇನೆ. 2026ರ ಋತುವಿನಿಂದ ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್ ಮತ್ತು ಟೆಕ್ಸಸ್ ಸ್ಟೇಟ್ ಸೇರಿ ಅಲ್ಲಿ ಮತ್ತೆ ಎಂಟು ಫುಟ್‌ಬಾಲ್ ತಂಡಗಳಾಗುತ್ತವೆ. ಹೆಸರು ಹಳೆಯದೇ ಆದರೂ ನಿಮ್ಮ ಲೆಕ್ಕದಲ್ಲಿ ಅದು ಹೊಸ ಕಾನ್ಫರೆನ್ಸ್.

ಹಂತ 2: ಪ್ರತಿ ತಂಡಕ್ಕೂ ಒಂದು ಸಂಖ್ಯೆ

ಸರಾಸರಿ ತಂಡವೊಂದರ ಎದುರು ತಟಸ್ಥ ಮೈದಾನದಲ್ಲಿ ಆಡಿದರೆ ಈ ತಂಡ ಎಷ್ಟು ಅಂಕಗಳ ಅಂತರದಿಂದ ಗೆಲ್ಲಬಹುದು? ಅದೇ ಆ ತಂಡದ ಶಕ್ತಿಯ ಅಂಕಿ. ಅತಿ ಬಲಿಷ್ಠ ತಂಡಗಳಿಗೆ ಇದು ಸುಮಾರು +25ರಿಂದ +30, ಅತಿ ದುರ್ಬಲ ತಂಡಗಳಿಗೆ ಸುಮಾರು −25 ಇರುತ್ತದೆ.

ಲೆಕ್ಕ ಸರಳ. ಹಿಂದಿನ ಋತುವಿನಲ್ಲಿ ತಂಡದ ಪ್ರತಿ ಪಂದ್ಯದ ಅಂತರವನ್ನು ಬರೆದು ಸರಾಸರಿ ತೆಗೆಯಿರಿ. ಅದಕ್ಕೆ ಎದುರಾಳಿಗಳ ಅಂಕಿಯ ಸರಾಸರಿಯನ್ನು ಕೂಡಿಸಿ. ಒಂದು ತಂಡದ ಸರಾಸರಿ ಅಂತರ +10, ಅದರ ಎದುರಾಳಿಗಳ ಸರಾಸರಿ −2 ಆಗಿದ್ದರೆ ಅದರ ಅಂಕಿ +8. ಎಲ್ಲ ತಂಡಗಳಿಗೂ ಹೀಗೆ ಮಾಡಿದ ಮೇಲೆ ಎದುರಾಳಿಗಳ ಅಂಕಿಗಳೂ ಬದಲಾಗಿರುತ್ತವೆ, ಆದ್ದರಿಂದ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಬೇಕು. ಕೆಲವು ಸುತ್ತುಗಳ ನಂತರ ಅಂಕಿಗಳು ನೆಲೆಗೊಳ್ಳುತ್ತವೆ. 28ಕ್ಕಿಂತ ದೊಡ್ಡ ಅಂತರವನ್ನು 28 ಎಂದೇ ಹಿಡಿಯಿರಿ. ಫಲಿತಾಂಶ ಆಗಲೇ ನಿರ್ಧಾರವಾದ ಪಂದ್ಯದ ಕೊನೆಯಲ್ಲಿ ಮೀಸಲು ಆಟಗಾರರು ಗಳಿಸಿದ ಅಂಕಗಳಿಂದ ತಂಡದ ನಿಜವಾದ ಬಲ ತಿಳಿಯುವುದಿಲ್ಲ. ಕೆಳ ವಿಭಾಗದ ತಂಡಗಳೊಡನೆ ಆಡಿದ ಪಂದ್ಯಗಳನ್ನು ಬಿಟ್ಟುಬಿಡಿ.

ಇಷ್ಟು ಶ್ರಮ ಬೇಡ ಎನ್ನುವವರು ಇಎಸ್‌ಪಿಎನ್‌ನ ಎಫ್‌ಪಿಐ, ಬಿಲ್ ಕಾನೆಲಿ ರೂಪಿಸಿದ ಎಸ್‌ಪಿ ಪ್ಲಸ್, ಕೆನೆತ್ ಮ್ಯಾಸಿಯವರ ರೇಟಿಂಗ್ ಎಂಬ ಸಿದ್ಧ ಅಂಕಿಗಳನ್ನು ನೋಡಿಕೊಂಡು ಆರಂಭಿಸಬಹುದು. ಆದರೂ ಒಮ್ಮೆ ಕೈಯಾರೆ ಲೆಕ್ಕ ಮಾಡಿ ನೋಡಿ ಎಂದೇ ನನ್ನ ಒತ್ತಾಯ. ಕಾನ್ಫರೆನ್ಸ್‌ಗಳ ನಡುವಿನ ಕೊಂಡಿ ಎಷ್ಟು ತೆಳ್ಳಗಿದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ತಂಡವೊಂದು ನಿಯಮಿತ ಋತುವಿನಲ್ಲಿ ಆಡುವ 12 ಪಂದ್ಯಗಳಲ್ಲಿ ಎಂಟೋ ಒಂಬತ್ತೋ ತನ್ನದೇ ಕಾನ್ಫರೆನ್ಸ್‌ನೊಳಗಿನವು. ಹೊರಗಿನವರ ಜೊತೆಗಿನ ಮೂರು-ನಾಲ್ಕು ಪಂದ್ಯಗಳಲ್ಲೂ ಕೆಲವು ಕೆಳ ವಿಭಾಗದ ತಂಡಗಳ ಪಾಲಾಗುತ್ತವೆ. ಹೀಗಾಗಿ ಇಡೀ ಎಸ್‌ಇಸಿ ಇಡೀ ಬಿಗ್ 12ಕ್ಕಿಂತ ಎಷ್ಟು ಬಲಶಾಲಿ ಎಂಬ ಪ್ರಶ್ನೆಗೆ ಬೆರಳೆಣಿಕೆಯ ಪಂದ್ಯಗಳು ಉತ್ತರ ಕೊಡಬೇಕಾಗುತ್ತದೆ. ಆ ಉತ್ತರದಲ್ಲಿ ತಪ್ಪಿದ್ದರೆ ಅದು ಆ ಕಾನ್ಫರೆನ್ಸ್‌ನ ಎಲ್ಲ ತಂಡಗಳ ಅಂಕಿಯಲ್ಲೂ ಅಡಗಿ ಕೂರುತ್ತದೆ. ಅಲ್ಲಿಂದ ಒಂದು ತಂಡ ಬೇರೆಡೆ ಹೋದರೆ ಆ ತಪ್ಪನ್ನೂ ಹೊತ್ತೊಯ್ಯುತ್ತದೆ.

ಹಂತ 3: ಹೊಸ ಋತುವಿಗೆ ಹೊಂದಿಸುವುದು

ಹಿಂದಿನ ವರ್ಷದ ಅಂಕಿಯನ್ನು ಹಾಗೆಯೇ ತರಬೇಡಿ. ಅದರ ಶೇ 60, ಅದರ ಹಿಂದಿನ ನಾಲ್ಕೈದು ವರ್ಷಗಳ ಸರಾಸರಿಯ ಶೇ 40 ಸೇರಿಸಿ. ನಂತರ ಆಟಗಾರರತ್ತ ನೋಡಿ.

ಈ ಕೆಲಸ ಹತ್ತು ವರ್ಷಗಳ ಹಿಂದೆ ಸುಲಭವಿತ್ತು. 2018ರ ಅಕ್ಟೋಬರ್‌ನಲ್ಲಿ, ತಂಡ ಬಿಡಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ಆರಂಭವಾಯಿತು. 2021ರಲ್ಲಿ ಒಮ್ಮೆ ತಂಡ ಬದಲಿಸಿದ ಆಟಗಾರ ಒಂದು ವರ್ಷ ಕಾಯದೆ ಕೂಡಲೇ ಆಡಬಹುದು ಎಂದಾಯಿತು, 2024ರಲ್ಲಿ ಎಷ್ಟು ಸಲವಾದರೂ ಬದಲಿಸಬಹುದು ಎಂದಾಯಿತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಮೊದಲ ವರ್ಷ ತಲಾ 2.05 ಕೋಟಿ ಡಾಲರ್‌ವರೆಗೆ ಕ್ರೀಡಾಪಟುಗಳಿಗೆ ಹಂಚಬಹುದಾಗಿದೆ. ಒಂದು ತಂಡದ ಹೆಸರು, ಬಣ್ಣ, ಮೈದಾನ ಎಲ್ಲವೂ ಅದೇ ಇದ್ದು, ಒಳಗಿನ ಆಟಗಾರರಲ್ಲಿ ಅರ್ಧದಷ್ಟು ಮಂದಿ ಹೊಸಬರಾಗಿರುವುದು ಈಗ ಅಪರೂಪವಲ್ಲ.

ಇಂಡಿಯಾನಾ ಇದಕ್ಕೆ ಅತಿ ದೊಡ್ಡ ನಿದರ್ಶನ. 2023ರಲ್ಲಿ 3 ಗೆಲುವು, 9 ಸೋಲು. ಆ ಋತು ಮುಗಿದ ಮೇಲೆ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಕರ್ಟ್ ಸಿಗ್ನೆಟ್ಟಿ ತರಬೇತುದಾರರಾಗಿ ಬಂದರು, ಅವರ ಹಳೆಯ ತಂಡದ ಹತ್ತಕ್ಕೂ ಹೆಚ್ಚು ಆಟಗಾರರು ಹಿಂಬಾಲಿಸಿದರು. 2024ರಲ್ಲಿ ತಂಡ 11 ಗೆದ್ದು 2 ಸೋತಿತು. 2025ರಲ್ಲಿ ಕ್ಯಾಲಿಫೋರ್ನಿಯಾ ತಂಡದಿಂದ ಬಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವ ಮುಖ್ಯ ಆಟಗಾರ) ಫರ್ನಾಂಡೊ ಮೆಂಡೋಜಾ ಮುನ್ನಡೆಸಿದಾಗ ಹದಿನಾರಕ್ಕೆ ಹದಿನಾರೂ ಗೆದ್ದು, ಫೈನಲ್‌ನಲ್ಲಿ ಮಯಾಮಿಯನ್ನು 27–21ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಈ ಅವಧಿಯಲ್ಲಿ ಇಂಡಿಯಾನಾ ಕಾನ್ಫರೆನ್ಸ್ ಬದಲಿಸಲೇ ಇಲ್ಲ, ಬಿಗ್ ಟೆನ್‌ನಲ್ಲೇ ಇತ್ತು.

ಹಾಗಾಗಿ ನಾನು ಸೂಚಿಸುವ ಹೊಂದಾಣಿಕೆ ಹೀಗಿದೆ. ಅನುಭವಿ ಕ್ವಾರ್ಟರ್‌ಬ್ಯಾಕ್ ಉಳಿದಿದ್ದರೆ +2, ಹೋಗಿ ಅನನುಭವಿ ಬಂದಿದ್ದರೆ −3. ಆಕ್ರಮಣ ಮತ್ತು ರಕ್ಷಣೆಯ ಮುಂಚೂಣಿಯ ಸಾಲುಗಳಲ್ಲಿ ಬಹುಪಾಲು ಜನ ಮರಳಿದ್ದರೆ ತಲಾ +1. ತರಬೇತುದಾರ ಬದಲಾಗಿದ್ದರೆ ಅಂಕಿಯನ್ನು ಕೂಡಲೂ ಬೇಡಿ, ಕಳೆಯಲೂ ಬೇಡಿ, ಬದಲಿಗೆ ಆ ತಂಡದ ಸಾಲಿಗೆ ಒಂದು ಗುರುತು ಹಾಕಿ. ಅದರ ಅಂಕಿ ಸೆಪ್ಟೆಂಬರ್‌ನಲ್ಲಿ ಬೇಗ ಬದಲಾಗಲು ಬಿಡಬೇಕು. 2026ರಿಂದ ಪೋರ್ಟಲ್‌ನ ಮುಖ್ಯ ಅವಧಿ ಜನವರಿ 2ರಿಂದ 16ರವರೆಗೆ ಒಂದೇ ಆಗಿರುವುದರಿಂದ ಈ ಕೆಲಸವನ್ನು ಫೆಬ್ರುವರಿಯಲ್ಲಿ ಕುಳಿತು ಮಾಡಬಹುದು.

ಹಂತ 4: ಸ್ಥಳಾಂತರ ಯಾವ ಬಗೆಯದು?

ಎಲ್ಲರೂ ಇಲ್ಲಿಯೇ ಎಡವುವುದು, ಆದ್ದರಿಂದ ನಿಧಾನವಾಗಿ ನೋಡೋಣ.

ಒರೆಗಾನ್ ಮತ್ತು ವಾಷಿಂಗ್ಟನ್ ಒಂದೇ ದಿನ ಒಂದೇ ಕಾನ್ಫರೆನ್ಸ್‌ನಿಂದ ಹೊರಟು ಒಂದೇ ಕಾನ್ಫರೆನ್ಸ್‌ಗೆ ಹೋದವು. ಹೊರಡುವ ಮೊದಲಿನ ಋತುವಿನಲ್ಲಿ ವಾಷಿಂಗ್ಟನ್ ಮೇಲುಗೈ ಸಾಧಿಸಿತ್ತು. ಕೊನೆಯ ಪ್ಯಾಕ್-12 ಪ್ರಶಸ್ತಿ ಗೆದ್ದು ರಾಷ್ಟ್ರೀಯ ಫೈನಲ್ ತಲುಪಿ ಮಿಷಿಗನ್ ಎದುರು ಸೋತಿತ್ತು. ಆದರೆ 2024ರಲ್ಲಿ ಒರೆಗಾನ್ ಮೊದಲ ಪ್ರಯತ್ನದಲ್ಲೇ ಬಿಗ್ ಟೆನ್ ಚಾಂಪಿಯನ್ ಆಯಿತು, ವಾಷಿಂಗ್ಟನ್ 6 ಗೆದ್ದು 7 ಸೋತಿತು. ಬಿಗ್ ಟೆನ್ ಕಠಿಣವಾಗಿದ್ದಕ್ಕೆ ವಾಷಿಂಗ್ಟನ್ ಕುಸಿಯಿತು ಎನ್ನುವವರು ಒರೆಗಾನ್‌ಗೆ ಏನು ಕಾರಣ ಕೊಡುತ್ತಾರೆ? ವಾಷಿಂಗ್ಟನ್‌ನ ತರಬೇತುದಾರ ಕೇಲನ್ ಡಿಬೋರ್ ಅಲಬಾಮಾಕ್ಕೆ ಹೋದರು, ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ವೃತ್ತಿಪರ ಲೀಗ್ ಸೇರಿದರು. ಒರೆಗಾನ್‌ನಲ್ಲಿ ತರಬೇತುದಾರ ಉಳಿದರು, ಒಕ್ಲಹೋಮದಿಂದ ಅನುಭವಿ ಡಿಲನ್ ಗೇಬ್ರಿಯಲ್ ಬಂದರು. ವ್ಯತ್ಯಾಸ ಇದ್ದದ್ದು ತಂಡದೊಳಗೆ.

ಇದು ಮೊದಲ ಬಗೆ, ಸಮಬಲದ ಒಕ್ಕೂಟಗಳ ನಡುವಿನ ಸ್ಥಳಾಂತರ. ಇದಕ್ಕೆ ಅಂಕಿಯಲ್ಲಿ ಯಾವ ಬದಲಾವಣೆಯೂ ಬೇಡ. ಟೆಕ್ಸಸ್ ಎಸ್‌ಇಸಿಯ ಮೊದಲ ವರ್ಷವೇ ಫೈನಲ್ ತಲುಪಿ ಜಾರ್ಜಿಯಾಕ್ಕೆ ಹೆಚ್ಚುವರಿ ಅವಧಿಯಲ್ಲಿ 22–19ರಿಂದ ಸೋತಿತು, ಅದರ ಜೊತೆಗೇ ಬಂದ ಒಕ್ಲಹೋಮ ಕಾನ್ಫರೆನ್ಸ್‌ನಲ್ಲಿ ಎರಡೇ ಪಂದ್ಯ ಗೆದ್ದಿತು.

ಎರಡನೆಯ ಬಗೆ ಸಣ್ಣ ಕಾನ್ಫರೆನ್ಸ್‌ನಿಂದ, ಅಥವಾ ಬಿವೈಯುನಂತೆ ಸ್ವತಂತ್ರವಾಗಿದ್ದು, ದೊಡ್ಡದಕ್ಕೆ ಏರುವುದು. ಇಲ್ಲಿ ಎಚ್ಚರ ಬೇಕು. 2023ರಲ್ಲಿ ಬಿಗ್ 12ಕ್ಕೆ ಬಂದ ನಾಲ್ಕೂ ತಂಡಗಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು: ಬಿವೈಯು 5–7, ಸಿನ್ಸಿನಾಟಿ 3–9, ಹ್ಯೂಸ್ಟನ್ 4–8, ಯುಸಿಎಫ್ 6–7. ಮೊದಲ ಹನ್ನೊಂದು ಜನರಲ್ಲಿ ಇಂಥ ತಂಡಗಳು ದೊಡ್ಡವರಿಗೆ ಸಮನಾಗಿ ನಿಲ್ಲಬಲ್ಲವು. ಪ್ರತಿ ವಾರವೂ ಅದೇ ಮಟ್ಟದ ಎದುರಾಳಿ ಬಂದಾಗ, ಅಕ್ಟೋಬರ್ ಕೊನೆಯಲ್ಲಿ ಗಾಯಗಳು ಹೆಚ್ಚಾದಾಗ, ಮೀಸಲು ಆಟಗಾರರ ಬಲ ಕಡಿಮೆ ಬೀಳುತ್ತದೆ. ಆದ್ದರಿಂದ ಆರಂಭದಲ್ಲಿ −1, ಅಕ್ಟೋಬರ್ ಮಧ್ಯದಿಂದ −2 ಹಿಡಿಯಿರಿ. ಎರಡನೆಯ ವರ್ಷಕ್ಕೆ ಇದನ್ನು ಕೈಬಿಡಿ, ಏಕೆಂದರೆ ಬಿವೈಯು 2024ರಲ್ಲಿ 11 ಪಂದ್ಯ ಗೆದ್ದಿತು.

ಎಸ್‌ಎಂಯು ಈ ನಿಯಮಕ್ಕೆ ಹೊರತು. ಅದೂ ಸಣ್ಣ ಕಾನ್ಫರೆನ್ಸ್‌ನಿಂದಲೇ ಬಂತು, ಆದರೆ ಎಸಿಸಿಯ ಮೊದಲ ವರ್ಷ ಎಂಟಕ್ಕೆ ಎಂಟೂ ಗೆದ್ದು ಫೈನಲ್ ಆಡಿತು. ಕೊನೆಯ ಕ್ಷಣದಲ್ಲಿ ಕ್ಲೆಮ್ಸನ್ ಹೊಡೆದ 56 ಗಜಗಳ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ 3 ಅಂಕ) ಅದನ್ನು 34–31ರಿಂದ ಸೋಲಿಸಿತು. ಹಿಂದಿನ ವರ್ಷವೇ 11 ಪಂದ್ಯ ಗೆದ್ದಿದ್ದ ತಂಡ ಅದು, ಬೆನ್ನಿಗೆ ಸಿರಿವಂತ ಹಳೆಯ ವಿದ್ಯಾರ್ಥಿಗಳಿದ್ದರು. ನಿಯಮಿತ ಋತುವಿನ ಪಟ್ಟಿಯಲ್ಲಿ ಕ್ಲೆಮ್ಸನ್ ಆಗಲಿ ಮಯಾಮಿ ಆಗಲಿ ಇರಲಿಲ್ಲ ಎಂಬುದನ್ನೂ ಮರೆಯಬಾರದು.

ಕೆಳ ವಿಭಾಗದಿಂದ ಬರುವವರು ಮೂರನೆಯ ಬಗೆ. 2025ರಲ್ಲಿ ಡೆಲವೇರ್ ಮತ್ತು ಮಿಸೌರಿ ಸ್ಟೇಟ್ ಹೀಗೆ ಬಂದವು. ಇವರನ್ನು ತೀರಾ ಕೆಳಗಿಡುವುದು ಸಾಮಾನ್ಯ ತಪ್ಪು. ಜೇಮ್ಸ್ ಮ್ಯಾಡಿಸನ್ 2022ರ ತನ್ನ ಮೊದಲ ವರ್ಷವೇ 8 ಗೆದ್ದು 3 ಮಾತ್ರ ಸೋತಿತು.

ಉಳಿದವರನ್ನು ಯಾರೂ ಗಮನಿಸುವುದಿಲ್ಲ. ಒರೆಗಾನ್ ಸ್ಟೇಟ್‌ನ ತರಬೇತುದಾರ ಜೊನಾಥನ್ ಸ್ಮಿತ್ 2023ರ ನವೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್‌ಗೆ ಹೋದರು, ಕ್ವಾರ್ಟರ್‌ಬ್ಯಾಕ್‌ಗಳೂ ಚದುರಿದರು. ವಾಷಿಂಗ್ಟನ್ ಸ್ಟೇಟ್ 2024ರಲ್ಲಿ 8 ಪಂದ್ಯ ಗೆದ್ದು ಎದೆಯುಬ್ಬಿಸಿ ನಿಂತಿತು, ಆದರೆ ಋತು ಮುಗಿಯುತ್ತಲೇ ಅದರ ತರಬೇತುದಾರ ವೇಕ್ ಫಾರೆಸ್ಟ್‌ಗೂ ಕ್ವಾರ್ಟರ್‌ಬ್ಯಾಕ್ ಜಾನ್ ಮಾಟೀರ್ ಒಕ್ಲಹೋಮಕ್ಕೂ ಹೋದರು. ಸದಸ್ಯತ್ವ ಬದಲಾವಣೆಯ ನಿಜವಾದ ಹೊರೆ ಬೀಳುವುದು ಹೋದವರ ಮೇಲಲ್ಲ, ಹಿಂದೆ ಉಳಿದವರ ಮೇಲೆ. ಅದೂ ಮೊದಲ ವರ್ಷಕ್ಕಿಂತ ಎರಡನೆಯ ವರ್ಷ ಹೆಚ್ಚು.

ಹಂತ 5: ಯಾರ ಜೊತೆ ಆಡುತ್ತಾರೆ, ಯಾರನ್ನು ತಪ್ಪಿಸಿಕೊಂಡರು

ಬಿಗ್ ಟೆನ್‌ನಲ್ಲಿ ಈಗ 18 ತಂಡಗಳಿವೆ, ಒಂದು ತಂಡ ಆಡುವುದು 9 ಕಾನ್ಫರೆನ್ಸ್ ಪಂದ್ಯಗಳನ್ನು. ಅಂದರೆ ಉಳಿದ 17ರಲ್ಲಿ ಎಂಟು ತಂಡಗಳ ಮುಖವನ್ನೂ ಆ ವರ್ಷ ನೋಡುವುದಿಲ್ಲ. 2024ರಲ್ಲಿ ಇಂಡಿಯಾನಾ ಒರೆಗಾನ್ ಜೊತೆಗಾಗಲಿ ಪೆನ್ ಸ್ಟೇಟ್ ಜೊತೆಗಾಗಲಿ ಆಡಲಿಲ್ಲ. ಎಸ್‌ಇಸಿ 2026ರಿಂದ ಎಂಟರ ಬದಲು ಒಂಬತ್ತು ಕಾನ್ಫರೆನ್ಸ್ ಪಂದ್ಯಗಳಿಗೆ ಹೋಗುತ್ತಿರುವುದರಿಂದ ಅಲ್ಲಿಯ ಅರ್ಧದಷ್ಟು ತಂಡಗಳಿಗೆ ಪ್ರತಿ ವರ್ಷ ತವರಿನಲ್ಲಿ ನಾಲ್ಕು, ಹೊರಗೆ ಐದು ಕಾನ್ಫರೆನ್ಸ್ ಪಂದ್ಯಗಳಾಗುತ್ತವೆ.

ಕಾನ್ಫರೆನ್ಸ್ ಚಾಂಪಿಯನ್ ಯಾರು ಎಂದು ಊಹಿಸುವವರು ಪ್ರತಿ ತಂಡದ ಎದುರಾಳಿಗಳ ಅಂಕಿಗಳ ಸರಾಸರಿಯನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಬಲದಲ್ಲಿ ನಾಲ್ಕನೆಯದಾದ ತಂಡ ಸುಲಭ ಪಟ್ಟಿಯ ನೆರವಿನಿಂದ ಫೈನಲ್ ತಲುಪುವುದು ಈಗಿನ ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಸಹಜ.

ಹಳೆಯ ಪೈಪೋಟಿಗಳ ದಿನಾಂಕವನ್ನೂ ನೋಡಿ. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ನಡುವಿನ ಆ್ಯಪಲ್ ಕಪ್ ನವೆಂಬರ್‌ನಿಂದ ಸೆಪ್ಟೆಂಬರ್‌ಗೆ ಸರಿಯಿತು. 2024ರಲ್ಲಿ ದೊಡ್ಡ ಕಾನ್ಫರೆನ್ಸ್ ಸೇರಿದ ವಾಷಿಂಗ್ಟನ್ ತಂಡವನ್ನು ಹಿಂದೆ ಉಳಿದ ವಾಷಿಂಗ್ಟನ್ ಸ್ಟೇಟ್ 24–19ರಿಂದ ಸೋಲಿಸಿತು. ಟೆಕ್ಸಸ್ ಮತ್ತು ಟೆಕ್ಸಸ್ ಎ ಆ್ಯಂಡ್ ಎಂ 2011ರ ನಂತರ 2024ರಲ್ಲಿ ಮತ್ತೆ ಎದುರಾದವು. ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನಡುವಿನ ವಾರ್ಷಿಕ ಪಂದ್ಯ 2023ರ ನವೆಂಬರ್‌ಗೆ ನಿಂತೇಹೋಯಿತು. ಒಂದು ಊರಿಗೂ ಇನ್ನೊಂದು ಊರಿಗೂ ತಲೆಮಾರುಗಳಿಂದ ಇದ್ದ ಮಾತುಕತೆ ಅದು.

ಹಂತ 6: ಪಂದ್ಯದ ದಿನ

ತವರು ತಂಡದ ಅಂಕಿಯಿಂದ ಅತಿಥಿ ತಂಡದ ಅಂಕಿಯನ್ನು ಕಳೆದು 2.5 ಕೂಡಿಸಿ. ಹಿಂದೆ ತವರಿನ ಅನುಕೂಲಕ್ಕೆ 3 ಅಂಕ ಹಿಡಿಯುತ್ತಿದ್ದರು, ಈಗ ಎರಡರಿಂದ ಎರಡೂವರೆ ಸಾಕು. ತವರು ತಂಡ 12, ಅತಿಥಿ 7 ಆದರೆ ನಿಮ್ಮ ಅಂದಾಜು 7.5 ಅಂಕಗಳ ತವರು ಗೆಲುವು.

ಪ್ರಯಾಣದ ವಿಚಾರದಲ್ಲಿ ಬಹಳ ಚರ್ಚೆ ನಡೆದಿದೆ. ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್ ಮೈದಾನ ಸುಮಾರು 4,000 ಕಿಲೋಮೀಟರ್ ದೂರ, ಗಡಿಯಾರದಲ್ಲಿ ಮೂರು ಗಂಟೆಗಳ ವ್ಯತ್ಯಾಸ. ಪೂರ್ವದ ನಡುಮಧ್ಯಾಹ್ನದ ಪಂದ್ಯ ಪಶ್ಚಿಮದ ಆಟಗಾರನ ದೇಹಕ್ಕೆ ಬೆಳಗಿನ ಒಂಬತ್ತು ಗಂಟೆ. 2024ರಲ್ಲಿ ಯುಎಸ್‌ಸಿ ಮಿಷಿಗನ್‌ನಲ್ಲಿ 27–24, ಮಿನೆಸೋಟಾದಲ್ಲಿ 24–17, ಮೇರಿಲ್ಯಾಂಡ್‌ನಲ್ಲಿ 29–28ರಿಂದ ಸೋತಾಗ ಎಲ್ಲರೂ ಪ್ರಯಾಣವನ್ನೇ ದೂರಿದರು. ಆದರೆ ಅಂತರಗಳನ್ನು ನೋಡಿ: 3, 7, 1. ಪೂರ್ವಕ್ಕೆ ಹೋಗದೆ ತನ್ನ ತವರಿನಲ್ಲೇ ಪೆನ್ ಸ್ಟೇಟ್ ಎದುರೂ ಅದು 33–30ರಿಂದ ಸೋತಿತು. ಅದೇ ಊರಿನ ಯುಸಿಎಲ್‌ಎ ಅಷ್ಟೇ ದೂರ ಹಾರಿ ಹೋಗಿ ರಟ್ಗರ್ಸ್ ತಂಡವನ್ನು 35–32ರಿಂದ ಸೋಲಿಸಿ ಬಂತು. ಒಂದು ಟಚ್‌ಡೌನ್‌ನೊಳಗಿನ (ಸಾಮಾನ್ಯವಾಗಿ 7 ಅಂಕ) ಸೋಲುಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಆದ್ದರಿಂದ ಮೂರು ಗಂಟೆಗಳ ವ್ಯತ್ಯಾಸಕ್ಕೆ ಅತಿಥಿಯಿಂದ 1 ಅಂಕ ಕಳೆಯಿರಿ, ಅದಕ್ಕಿಂತ ಹೆಚ್ಚು ಬೇಡ.

ಕ್ವಾರ್ಟರ್‌ಬ್ಯಾಕ್ ಗಾಯಗೊಂಡಿದ್ದರೆ ಮಾತ್ರ ದೊಡ್ಡ ಬದಲಾವಣೆ ಮಾಡಿ, 4ರಿಂದ 7 ಅಂಕ. 2024ರ ಯೂಟಾ ಕುಸಿದದ್ದಕ್ಕೆ ಮುಖ್ಯ ಕಾರಣ ಅದರ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ರೈಸಿಂಗ್ ಗಾಯಗೊಂಡದ್ದು. ಅರಿಜೋನಾ ಸ್ಟೇಟ್‌ನ 2023ರ 3–9ರ ಹಿಂದೆಯೂ ಅಂಥದೇ ಗಾಯಗಳಿದ್ದವು. ಪತ್ರಕರ್ತರು ಆ ಅಂಕಿಯನ್ನೇ ತಂಡದ ನಿಜವಾದ ಬಲವೆಂದು ತಿಳಿದರು, ಮಿಷಿಗನ್ ಸ್ಟೇಟ್‌ನಿಂದ ಬಂದ ಸ್ಯಾಮ್ ಲೆವಿಟ್ ಎಂಬ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಂತ 7: ಅಂತರವನ್ನು ಸಾಧ್ಯತೆಯಾಗಿ ಬದಲಿಸುವುದು

ಅಂದಾಜಿಗೂ ನಿಜವಾದ ಫಲಿತಾಂಶಕ್ಕೂ ನಡುವಿನ ಪ್ರಮಾಣಿತ ವಿಚಲನೆ (ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪುತ್ತದೆ ಎಂಬ ಅಳತೆ) ಕಾಲೇಜು ಫುಟ್‌ಬಾಲ್‌ನಲ್ಲಿ ಸುಮಾರು 16 ಅಂಕ. ನಿಮ್ಮ ಅಂದಾಜನ್ನು 16ರಿಂದ ಭಾಗಿಸಿ ಸ್ಪ್ರೆಡ್‌ಶೀಟಿನ ಸಾಮಾನ್ಯ ವಿತರಣೆಯ ಸೂತ್ರಕ್ಕೆ (NORM.S.DIST) ಕೊಟ್ಟರೆ ಗೆಲುವಿನ ಸಾಧ್ಯತೆ ಸಿಗುತ್ತದೆ. 3 ಅಂಕಗಳ ಮೇಲುಗೈಗೆ ಶೇ 57, 7ಕ್ಕೆ ಶೇ 67, 14ಕ್ಕೆ ಶೇ 81, 21ಕ್ಕೆ ಸುಮಾರು ಶೇ 90.

ಶೇ 90 ಎಂದರೆ ಹತ್ತರಲ್ಲಿ ಒಂದು ಸಲ ಸೋಲು. ಪ್ರತಿ ಶನಿವಾರ ಅಂಥ ಹತ್ತಾರು ಪಂದ್ಯಗಳು ನಡೆಯುವಾಗ ಒಂದಾದರೂ ಬುಡಮೇಲಾಗುವುದು ಬಹುತೇಕ ನಿಶ್ಚಿತ. 2024ರ ಸೆಪ್ಟೆಂಬರ್ 7ರಂದು ನಾರ್ದರ್ನ್ ಇಲಿನಾಯ್ ನೋಟರ್ ಡೇಮ್ ತಂಡವನ್ನು ಅದರ ತವರಿನಲ್ಲೇ 16–14ರಿಂದ ಸೋಲಿಸಿತು. ನವೆಂಬರ್ 30ರಂದು ಮಿಷಿಗನ್ ಓಹಿಯೊ ಸ್ಟೇಟ್ ತಂಡವನ್ನು 13–10ರಿಂದ ಸೋಲಿಸಿತು. ಆ ಋತುವಿನ ರಾಷ್ಟ್ರೀಯ ಫೈನಲ್ ಆಡಿದವರು ಈ ಸೋತ ಇಬ್ಬರೇ: ಓಹಿಯೊ ಸ್ಟೇಟ್ ಮತ್ತು ನೋಟರ್ ಡೇಮ್.

ಹಂತ 8: ಪಂದ್ಯ ಮುಗಿದ ಮೇಲೆ

ನಿಜವಾದ ಅಂತರದಿಂದ ಅಂದಾಜನ್ನು ಕಳೆದು, ಬಂದ ವ್ಯತ್ಯಾಸದ ಶೇ 10ರಷ್ಟನ್ನು ಒಬ್ಬರಿಗೆ ಕೂಡಿಸಿ, ಇನ್ನೊಬ್ಬರಿಂದ ಕಳೆಯಿರಿ. ಮೇಲಿನ ಉದಾಹರಣೆಯಲ್ಲಿ 7.5ರಿಂದ ಗೆಲ್ಲಬೇಕಿದ್ದ ತವರು ತಂಡ 3 ಅಂಕಗಳಿಂದ ಸೋತರೆ ವ್ಯತ್ಯಾಸ −10.5. ತವರು ತಂಡ 12ರಿಂದ ಸುಮಾರು 11ಕ್ಕೆ ಇಳಿಯುತ್ತದೆ, ಅತಿಥಿ 7ರಿಂದ 8ಕ್ಕೆ ಏರುತ್ತದೆ. ಸೆಪ್ಟೆಂಬರ್‌ನಲ್ಲಿ ಶೇ 15, ಹೊಸ ತರಬೇತುದಾರನ ಗುರುತಿರುವ ತಂಡಗಳಿಗೆ ಶೇ 20 ಬಳಸಿ.

ಕಾನ್ಫರೆನ್ಸ್‌ಗಳ ನಡುವಿನ ತೆಳ್ಳನೆಯ ಕೊಂಡಿಯ ಬಗ್ಗೆ ಹೇಳಿದ್ದೆನಲ್ಲ, ಅದನ್ನು ಸರಿಪಡಿಸಲು ಸೆಪ್ಟೆಂಬರ್ ಒಂದೇ ಒಳ್ಳೆಯ ಅವಕಾಶ. ತಿಂಗಳ ಕೊನೆಯಲ್ಲಿ ಪ್ರತಿ ಕಾನ್ಫರೆನ್ಸ್‌ನ ತಂಡಗಳು ಹೊರಗಿನವರ ವಿರುದ್ಧ ನಿಮ್ಮ ಅಂದಾಜಿಗಿಂತ ಸರಾಸರಿ ಎಷ್ಟು ಮೇಲೆ ಅಥವಾ ಕೆಳಗೆ ಇವೆ ಎಂದು ನೋಡಿ. 3 ಅಂಕ ಮೇಲಿದ್ದರೆ ಆ ಕಾನ್ಫರೆನ್ಸ್‌ನ ಎಲ್ಲ ತಂಡಗಳಿಗೂ 1 ಕೂಡಿಸಿ. ಅಕ್ಟೋಬರ್ ಶುರುವಾದರೆ ಬಹುತೇಕ ಎಲ್ಲರೂ ತಮ್ಮ ತಮ್ಮಲ್ಲೇ ಆಡುತ್ತಾರೆ, ಆಮೇಲೆ ಹೊರಗಿನ ಅಳತೆ ಹೆಚ್ಚಾಗಿ ಸಿಗುವುದು ಡಿಸೆಂಬರ್‌ನಲ್ಲಿ.

ಅಂತರದ ಆಚೆಗೂ ನೋಡಬಯಸುವವರು ಯಶಸ್ವಿ ಪ್ರಯತ್ನಗಳ ಪ್ರಮಾಣವನ್ನು ಗಮನಿಸಲಿ (ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಪ್ರಯತ್ನಗಳು ಸಿಗುತ್ತವೆ). ಮೊದಲ ಪ್ರಯತ್ನದಲ್ಲಿ ಬೇಕಾದ ಗಜಗಳ ಅರ್ಧ, ಎರಡನೆಯದರಲ್ಲಿ ಶೇ 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಗಳಿಸಿದರೆ ಅದು ಯಶಸ್ವಿ ಎಂದು ಲೆಕ್ಕ. ಕೈಜಾರಿದ ಚೆಂಡು ಯಾರ ಪಾಲಾಗುತ್ತದೆ ಎಂಬುದು ಬಹುತೇಕ ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತ. ಅಂಥ ಮೂರು ಚೆಂಡುಗಳನ್ನು ಹಿಡಿದು ಗೆದ್ದ ತಂಡ ಮುಂದಿನ ವಾರವೂ ಹಿಡಿಯುತ್ತದೆ ಎಂದು ನಂಬಬೇಡಿ.

ನಿಮ್ಮ ಅಂದಾಜುಗಳನ್ನು ಪಂದ್ಯಕ್ಕೆ ಮೊದಲೇ ಬರೆದಿಡಿ. ಗೆದ್ದರೆ 1, ಸೋತರೆ 0 ಎಂದು ಹಿಡಿದು, ನೀವು ಕೊಟ್ಟ ಸಾಧ್ಯತೆಯನ್ನು ಅದರಿಂದ ಕಳೆದು ವರ್ಗ ಮಾಡಿ. ಶೇ 70 ಎಂದ ತಂಡ ಗೆದ್ದರೆ 0.09, ಸೋತರೆ 0.49. ಎಲ್ಲ ಪಂದ್ಯಗಳಿಗೂ ಶೇ 50 ಎಂದು ಬರೆಯುವವನ ಸರಾಸರಿ 0.25. ನಿಮ್ಮದು ಅದಕ್ಕಿಂತ ಕೆಳಗಿರಬೇಕು. ಹೊಸದಾಗಿ ಕಾನ್ಫರೆನ್ಸ್ ಬದಲಿಸಿದ ತಂಡಗಳ ಸರಾಸರಿಯನ್ನು ಪ್ರತ್ಯೇಕವಾಗಿ ತೆಗೆಯಿರಿ. ಮೊದಲ ಹಂತದ ಮೂರನೆಯ ಕಾಲಂ ಇದಕ್ಕಾಗಿಯೇ ಇರುವುದು.

ಕರ್ನಾಟಕದಲ್ಲಿ ಕುಳಿತು ನೋಡುವವರಿಗೆ ವೇಳೆ: ಅಮೆರಿಕದ ಪೂರ್ವ ಭಾಗದ ಶನಿವಾರ ಮಧ್ಯಾಹ್ನ 12ರ ಪಂದ್ಯ ನಮಗೆ ರಾತ್ರಿ 9.30ಕ್ಕೆ, 3.30ರದ್ದು ರಾತ್ರಿ 1ಕ್ಕೆ, ಸಂಜೆ 7.30ರದ್ದು ಭಾನುವಾರ ಬೆಳಗಿನ 5ಕ್ಕೆ. ಪಶ್ಚಿಮದ ತಡರಾತ್ರಿಯ ಪಂದ್ಯಗಳು ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ಬರುತ್ತವೆ. ನವೆಂಬರ್‌ನ ಮೊದಲ ಭಾನುವಾರದಿಂದ ಎಲ್ಲವೂ ಒಂದು ಗಂಟೆ ತಡ.

ಹಂತ 9: ವದಂತಿಗಳನ್ನು ತೂಗುವುದು

ಇಂಥ ತಂಡ ಅಲ್ಲಿಗೆ ಹೋಗುತ್ತದೆಯಂತೆ ಎಂಬ ಸುದ್ದಿ ವರ್ಷವಿಡೀ ಹರಿದಾಡುತ್ತದೆ. ನಂಬುವ ಮೊದಲು ಮೂರು ವಿಷಯಗಳನ್ನು ನೋಡಿ: ಪ್ರಸಾರ ಒಪ್ಪಂದ ಮುಗಿಯುವ ವರ್ಷ, ಹೊರಹೋಗುವ ಶುಲ್ಕ, ಹೊಸ ಕಾನ್ಫರೆನ್ಸ್‌ನ ಒಪ್ಪಂದ ನವೀಕರಣಗೊಳ್ಳುವ ವರ್ಷ. ಬಿಗ್ ಟೆನ್‌ನ ಒಪ್ಪಂದ 2029–30ರವರೆಗೆ, ಬಿಗ್ 12ರದ್ದು 2030–31ರವರೆಗೆ, ಎಸಿಸಿಯದ್ದು 2036ರವರೆಗೆ ಇದೆ. ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಹೂಡಿದ್ದ ಮೊಕದ್ದಮೆಗಳು 2025ರ ಮಾರ್ಚ್‌ನಲ್ಲಿ ರಾಜಿಯಾದಾಗ ಎಸಿಸಿ ಬಿಡುವ ಶುಲ್ಕ ವರ್ಷ ವರ್ಷ ಇಳಿದು 2030–31ಕ್ಕೆ 7.5 ಕೋಟಿ ಡಾಲರ್‌ಗೆ ಬರುವಂತೆ ಒಪ್ಪಂದವಾಯಿತು. ಹೆಚ್ಚಿನ ದಿನಾಂಕಗಳು 2030ರ ಆಸುಪಾಸಿನಲ್ಲಿ ಬಂದು ಸೇರುವುದರಿಂದ ಮುಂದಿನ ದೊಡ್ಡ ಅಲುಗಾಟ ಆಗಲೇ ಎಂದು ನನ್ನ ಅಂದಾಜು. ಅದಕ್ಕೆ ಮೊದಲು ದೊಡ್ಡ ತಂಡವೊಂದು ಹೊರಡುತ್ತದೆ ಎಂದು ಯಾರಾದರೂ ಹೇಳಿದರೆ, ಹಣವನ್ನು ಯಾರು ಕೊಡುತ್ತಾರೆ ಎಂದು ಕೇಳಿ.

ಹೊರಡುವುದಾಗಿ ಘೋಷಿಸಿದ ತಂಡ ಕೊನೆಯ ವರ್ಷ ಮನಸ್ಸಿಲ್ಲದೆ ಆಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. 2023ರಲ್ಲಿ ಟೆಕ್ಸಸ್ ಬಿಗ್ 12 ಗೆದ್ದೇ ಹೊರಟಿತು, ವಾಷಿಂಗ್ಟನ್ ಪ್ಯಾಕ್-12 ಗೆದ್ದೇ ಹೊರಟಿತು. ಘೋಷಣೆಯ ದಿನ ನಿಮ್ಮ ಅಂಕಿಗಳನ್ನು ಮುಟ್ಟಬೇಡಿ. ಸದಸ್ಯತ್ವ ಸಾಮಾನ್ಯವಾಗಿ ಜುಲೈ 1ರಂದು ಜಾರಿಗೆ ಬರುತ್ತದೆ. ಪ್ರತಿ ವರ್ಷ ಆ ದಿನ ಸ್ಪ್ರೆಡ್‌ಶೀಟ್ ತೆರೆದು ಮೂರು ಕಾಲಂಗಳನ್ನು ತಿದ್ದಿ. ಆಗಸ್ಟ್ ಕೊನೆಯ ಶನಿವಾರಗಳಲ್ಲಿ ಮೊದಲ ಪಂದ್ಯಗಳು ಶುರುವಾಗುವವರೆಗೆ ನಾಲ್ಕನೆಯ ಹಂತದ ಲೆಕ್ಕಕ್ಕೆ ಸುಮಾರು ಎಂಟು ವಾರಗಳ ಸಮಯ ಇರುತ್ತದೆ.